ಏಳು ನಿಮಿಷದಲ್ಲಿ ಹುಳಿಯಾದ ಬುತ್ತಿ

ಸಂಜೆ ತರಗತಿಯಲ್ಲಿ ಕಲಿತಷ್ಟೇ ನನ್ನ ವಿಜ್ಞಾನ. ಇನ್ನು ಕೆಲವು ದಶಕಗಳ ನಂತರದ ಈ ಕತೆಯನ್ನು ಹೇಳಲು ಹೊರಟಿರುವುದಕ್ಕೆ ಬಲ್ಲವರು ಮನ್ನಿಸಬೇಕು. ವಿವರಣೆ ತಪ್ಪಿದ್ದರೆ ತಪ್ಪು ನನ್ನದು, ಜಗದೇವಿಯದಲ್ಲ.

ಕಲಬುರಗಿಯಿಂದ ಮೈಸೂರಿಗೆ ಆಕಾಶಮಾರ್ಗದಲ್ಲಿ ಸುಮಾರು ಐನೂರೈವತ್ತು ಕಿಲೋಮೀಟರು. ಹಳೆಯ ವಿಮಾನಗಳಿಗೆ ಒಂದೂವರೆ ಗಂಟೆ ಬೇಕಿತ್ತು. ಈಗ ಏಳು ನಿಮಿಷ ಸಾಕು. ಡಾ. ಜಗದೇವಿ ಕಂಡುಹಿಡಿದ ಮಡಿಕೆ ಯಂತ್ರ ವಿಮಾನದ ಮುಂದಿನ ಜಾಗವನ್ನು ಸೀರೆಯ ನೆರಿಗೆಯಂತೆ ಮಡಚುತ್ತಿತ್ತು. ವಿಮಾನ ಒಂದು ನೆರಿಗೆಯಿಂದ ಇನ್ನೊಂದಕ್ಕೆ ದಾಟಿಬಿಡುತ್ತಿತ್ತು. ಗಡಿಯಾರ ತೋರಿಸುತ್ತಿದ್ದುದೂ, ಪ್ರಯಾಣಿಕರಿಗೆ ಅನಿಸುತ್ತಿದ್ದುದೂ ಏಳೇ ನಿಮಿಷ. ಇಳಿದವರಿಗೆ ವಿಪರೀತ ಹಸಿವಾಗುತ್ತಿತ್ತು, ಅಷ್ಟೆ. ಮೈಸೂರು ನಿಲ್ದಾಣದ ಇಡ್ಲಿ ಅಂಗಡಿಯವನಂತೂ ಜಗದೇವಿಯಿಂದ ದುಡ್ಡೇ ತೆಗೆದುಕೊಳ್ಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವಳ ತಾಯಿ ನೀಲಮ್ಮ ಕಲಬುರಗಿಯಿಂದ ಮೈಸೂರಿನ ಮಗಳ ಮನೆಗೆ ಬಂದಳು. ವಿಮಾನ ನಡೆಸಿದವನು ಜಗದೇವಿಯ ತಮ್ಮ ಶಿವಯೋಗಿ. ಎರಡು ವರ್ಷದಿಂದ ಅವನು ಈ ಹಾದಿಯಲ್ಲಿ ದಿನಕ್ಕೆ ಹಲವು ಸಲ ಹೋಗಿಬರುತ್ತಿದ್ದ.

ದೂರದ ಪ್ರಯಾಣಕ್ಕೆ ಅನ್ನಕ್ಕೆ ಹಾಲು ಬೆರೆಸಿ ಚೂರೇ ಮೊಸರು ಹೆಪ್ಪು ಹಾಕುವುದು ನೀಲಮ್ಮನ ರೂಢಿ. ಉಣ್ಣುವ ಹೊತ್ತಿಗೆ ಅದು ಹದವಾದ ಮೊಸರನ್ನವಾಗಿರಬೇಕು. ಅಂದು ಹೊರಡುವ ಮುಂಚೆ, ರಾತ್ರಿಯ ಊಟಕ್ಕೆಂದು ಬುತ್ತಿ ಕಲಸಿದ್ದಳು. ಮನೆಗೆ ಬಂದು ಡಬ್ಬಿ ತೆರೆದರೆ ಗಟ್ಟಿ ಮೊಸರು, ಹುಳಿ ವಾಸನೆ.

“ಯವ್ವಾ, ವಯಸ್ಸಾತು ನಿನಗ. ಹೆಪ್ಪಿನ ಹದಾನೇ ಮರ್ತಿ,” ಎಂದು ಜಗದೇವಿ ನಕ್ಕಳು.

“ವಯಸ್ಸಾಗಿದ್ದು ನನಗಲ್ಲ, ಇವನಿಗಿ,” ಎಂದು ನೀಲಮ್ಮ ಜೊತೆಗೆ ಬಂದಿದ್ದ ಶಿವಯೋಗಿಯತ್ತ ಕೈ ತೋರಿದಳು. “ನಿಲ್ದಾಣದಾಗ ಒಬ್ಬಾಕಿ ಇವ ನಿಮ್ಮ ಮಗನೋ ತಮ್ಮನೋ ಅಂತ ಕೇಳಿದ್ಲು!”

ಶಿವಯೋಗಿಯೂ ನಕ್ಕ. ಜಗದೇವಿಯ ನಗು ಮಾತ್ರ ನಿಂತಿತು. ಅಕ್ಕನಿಗಿಂತ ಮೊದಲೇ ತಮ್ಮನ ಕೂದಲು ನರೆತಿತ್ತು. ಬೆಳಿಗ್ಗೆಯಷ್ಟೇ ಬೋಳಿಸಿದ ಗಲ್ಲದಲ್ಲಿ ಆಗಲೇ ಗಡ್ಡ ಮೂಡಿತ್ತು.

ಅವಳು ತಾಯಿಯಿಂದಲೇ ಇನ್ನೊಮ್ಮೆ ಹೆಪ್ಪು ಹಾಕಿಸಿ, ಒಂದೇ ಪಾತ್ರೆಯ ಹಾಲನ್ನವನ್ನು ಎರಡು ಡಬ್ಬಿಗೆ ತುಂಬಿದಳು. ಒಂದು ಅಡುಗೆಮನೆಯಲ್ಲಿ ಉಳಿಯಿತು. ಇನ್ನೊಂದನ್ನು ಶಿವಯೋಗಿಯ ಕೈಗೆ ಕೊಡುವಾಗ ಅವನನ್ನು ಕಳಿಸಬೇಕೋ ಬೇಡವೋ ಎಂದು ತಳಮಳಿಸಿದಳು. ಖಚಿತವಿಲ್ಲದೆ ತಡೆಯುವುದಾದರೂ ಹೇಗೆ? ಅವನು ವಿಮಾನದಲ್ಲಿ ಕಲಬುರಗಿಗೆ ಒಂದೇ ಸುತ್ತು ಹೋಗಿ ಮರಳಿ ಬಂದ. ಮನೆಯ ಡಬ್ಬಿಯಲ್ಲಿ ಇನ್ನೂ ಸಿಹಿ ಹಾಲು. ಅವನ ಡಬ್ಬಿಯಲ್ಲಿ ಹುಳಿ ಮೊಸರು.

ಯಂತ್ರ ದಾರಿಯನ್ನು ಮಡಚಿತ್ತು, ಹೊತ್ತನ್ನಲ್ಲ. ಗಡಿಯಾರಕ್ಕೂ ಮನಸ್ಸಿಗೂ ತಿಳಿಯದಂತೆ, ಜೀವವಿದ್ದದ್ದೆಲ್ಲ ಆ ನೆರಿಗೆಗಳೊಳಗೆ ಗಂಟೆಗಟ್ಟಲೆ ಬದುಕಿ ಹೊರಬರುತ್ತಿತ್ತು. ಮೊಸರಿನ ಸೂಕ್ಷ್ಮಜೀವಿಗಳು ಹೇಗೋ, ಮನುಷ್ಯನ ಜೀವಕೋಶಗಳೂ ಹಾಗೆಯೇ.

ಜಗದೇವಿ ಎರಡೂ ನಿಲ್ದಾಣಗಳಿಗೆ ಫೋನ್ ಮಾಡಿ ಹಾರಾಟ ನಿಲ್ಲಿಸಲು ಹೇಳಿದಳು.

“ಮಂದಿ ಬೈತಾರಕ್ಕಾ.”

“ಬೈಲಿ.”

“ನಾ ರೈಲಿನಾಗೇ ಹೋಗ್ತೀನಿ ಬಿಡು,” ಎಂದಳು ನೀಲಮ್ಮ. “ಬುತ್ತಿ ಹಾದ್ಯಾಗ ಹದಕ್ಕ ಬರ್ತದ.”

ಶಿವಯೋಗಿ ಗಲ್ಲ ಸವರಿಕೊಂಡ. “ಅಕ್ಕಾ, ಈಗ ನಮ್ಮಿಬ್ಬರಾಗ ದೊಡ್ಡವರ್ಯಾರು?” ಈ ಸಲ ಅವನು ನಗುತ್ತಿರಲಿಲ್ಲ. ಜಗದೇವಿ ಎರಡೂ ಡಬ್ಬಿಗಳ ಮುಚ್ಚಳ ಮುಚ್ಚಿದಳು.

ಅವನ ಎಷ್ಟು ವರ್ಷ ಆ ಹಾದಿಯಲ್ಲಿ ಹೋದವೋ ನನಗೂ ಗೊತ್ತಿಲ್ಲ. ಇವತ್ತು ಬೇಗ ತಲುಪಿದೆವೆಂದು ಇಳಿದು ಓಡುವ ನಾವು, ತಲುಪಿಸಿದವನ ಮುಖವನ್ನು ಒಮ್ಮೆಯಾದರೂ ನೋಡಿದ್ದೇವೆಯೇ? ಅದೂ ನನಗೆ ಗೊತ್ತಿಲ್ಲ.