ಅಪ್ಪನ ಅರ್ಧಂಬರ್ಧ ಇಮೇಲ್‌ಗಳು

ಸ್ಕ್ರೀನಿನ ಮೇಲೆ ಹಸಿರು ಪಟ್ಟಿ ಆಮೆಯ ಹಾಗೆ ತೆವಳುತ್ತಿತ್ತು.

"ಬೇಗ ಬೇಗ! ಪ್ಲೀಸ್!" ಎಂದು ಗಿರಗಿಟ್ಲೆ ಕಂಪ್ಯೂಟರನ್ನು ಗೋಗರೆದಳು. ನಿಂತಲ್ಲಿ ನಿಲ್ಲದ ಹುಡುಗಿ ಅಂತ ಮನೆಯವರು ಇಟ್ಟ ಹೆಸರು ಅದು. ಈಗ ಮಾತ್ರ ಅವಳು ಕುರ್ಚಿಗೆ ಅಂಟು ಹಾಕಿ ಕೂರಿಸಿದಂತೆ ಕೂತಿದ್ದಳು.

ಆಗಿದ್ದಿಷ್ಟು. ಮಧ್ಯಾಹ್ನ ಅವಳು ಹೊಸ ಗೇಮ್ ಹಾಕಲು ಹೋದಳು. ಕಂಪ್ಯೂಟರ್ "ಜಾಗ ಇಲ್ಲ" ಎಂದಿತು. 'ಸಮುದ್ರ' ಎಂಬ ದೊಡ್ಡ ಫೋಲ್ಡರೊಂದು ಕಣ್ಣಿಗೆ ಬಿತ್ತು. ಯಾವುದೋ ಹಳೇ ಸ್ಕೂಲ್ ಪ್ರಾಜೆಕ್ಟ್ ಇರಬೇಕು ಅಂತ ಅಳಿಸಿದಳು. ರೀಸೈಕಲ್ ಬಿನ್ ಕೂಡ ಖಾಲಿ ಮಾಡಿದಳು. ಗೇಮ್ ಏನೋ ಬಂತು. ಆಮೇಲೆ ಹೊಳೆಯಿತು. ಸಮುದ್ರದಲ್ಲಿ ಇರುವವರು ಅಪ್ಪ ಅಲ್ಲವೇ!

ಅಪ್ಪ ದೊಡ್ಡ ಹಡಗಿನಲ್ಲಿ ಮೆಕ್ಯಾನಿಕ್. ಅಲ್ಲಿಂದ ಫೋನ್ ಸಿಗುವುದು ಅಪರೂಪ, ಬರುವುದು ಇಮೇಲ್ ಮಾತ್ರ. ಅಮ್ಮ ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಜೋಪಾನ ಮಾಡಿದ್ದಳು; ಇಳಿಸಿದ ಮೇಲೆ ಇನ್‌ಬಾಕ್ಸಿನಲ್ಲಿ ಅವು ಉಳಿಯುತ್ತಿರಲಿಲ್ಲ. ಹಡಗಿನಲ್ಲಿ ಎಲ್ಲರಿಗೂ ಸೇರಿ ಒಂದೇ ಕಂಪ್ಯೂಟರ್. ಕಳಿಸಿದ ಮೇಲ್‌ಗಳನ್ನು ಆಗಾಗ ಅಳಿಸಿಬಿಡುತ್ತಾರೆ ಎಂದು ಅಪ್ಪನೇ ಹೇಳಿದ್ದರು.

'ಹೋದ ಫೈಲ್ ವಾಪಸ್ ತರುತ್ತೇವೆ' ಎನ್ನುವ ಪ್ರೋಗ್ರಾಮ್ ಒಂದನ್ನು ಗಿರಗಿಟ್ಲೆ ಡೌನ್‌ಲೋಡ್ ಮಾಡಿದಳು. ಏನೂ ಸಿಗಲಿಲ್ಲ. ಇನ್ನೊಂದು ಮಾಡಿದಳು. ಮತ್ತೊಂದು ಇಳಿಯುತ್ತಿರುವಾಗಲೇ ಬಾಗಿಲು ಕಿರ್ ಎಂದಿತು.

ಅಮ್ಮ ಕನ್ನಡಕದಂಗಡಿಯ ಕೆಲಸ ಮುಗಿಸಿ ಬಂದಿದ್ದಳು. ಬಂದವಳೇ ಕಂಪ್ಯೂಟರಿನ ಮುಂದೆ ಕೂತಳು. ಅಪ್ಪನ ಇಮೇಲ್‌ಗಳನ್ನು ಹುಡುಕಿದಳು, ಮತ್ತೆ ಹುಡುಕಿದಳು. ಅವಳ ಮುಖ ಸಪ್ಪಗಾಯಿತು.

"ಹಳೇ ಕಂಪ್ಯೂಟರ್ ನೋಡು, ಅದೇ ಎಲ್ಲಾ ನುಂಗಿಬಿಟ್ಟಿದೆ ಅನ್ಸುತ್ತೆ."

ಗಿರಗಿಟ್ಲೆ ನಿಜ ಹೇಳದೆ ಅಡುಗೆಮನೆಗೆ ಜಾರಿಕೊಂಡಳು.

ಮರುದಿನ ಇಬ್ಬರೂ ಕಂಪ್ಯೂಟರ್ ಹೊತ್ತು ರಿಪೇರಿ ಅಂಗಡಿಗೆ ಹೋದರು. ಅಲ್ಲಿನ ಆಂಟಿ ಸ್ಕ್ರೂಡ್ರೈವರನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡೇ ಮಾತಾಡಿದರು.

"ಅಳಿಸಿದ್ದು ತಕ್ಷಣ ಹೋಗಲ್ಲ. 'ಈ ಸೀಟು ಖಾಲಿ' ಅಂತ ಬೋರ್ಡ್ ಬೀಳುತ್ತೆ ಅಷ್ಟೆ. ಬೇರೆ ಯಾರೋ ಬಂದು ಕೂತರೆ ಹೋಯ್ತು. ಆಮೇಲೆ ಇದರಲ್ಲಿ ಏನಾದ್ರೂ ಡೌನ್‌ಲೋಡ್ ಮಾಡಿದ್ರಾ?"

"ಇಲ್ಲಪ್ಪಾ, ಏನೂ ಇಲ್ಲ," ಎಂದಳು ಅಮ್ಮ.

ಗಿರಗಿಟ್ಲೆ ಕಂಪ್ಯೂಟರನ್ನೇ ನೋಡಿದಳು. ಸರಿ ಮಾಡಲು ಅಂತ ತಾನು ತಂದ ಪ್ರೋಗ್ರಾಮುಗಳೇ ಅಪ್ಪನ ಸೀಟಿನಲ್ಲಿ ಕೂತಿವೆಯೇ?

"ಮಾಡಿದೀನಿ," ಎಂದಳು. ಧ್ವನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. "ನಾನೇ ಮಾಡಿದ್ದು ಆಂಟಿ. ಅಳಿಸಿದ್ದೂ ನಾನೇ. ಮೊದಲು ಒಂದು ಗೇಮ್, ಆಮೇಲೆ ಮೂರು ಪ್ರೋಗ್ರಾಮ್."

"ಹೇಳಿದ್ದು ಒಳ್ಳೇದಾಯ್ತು. ಎಲ್ಲಿ ಹುಡುಕಬೇಕು ಅಂತ ಗೊತ್ತಾಯ್ತು," ಎಂದು ಆಂಟಿ ಸ್ಕ್ರೂ ಬಿಚ್ಚತೊಡಗಿದರು.

ಅಮ್ಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನಿಸಿತು ಗಿರಗಿಟ್ಲೆಗೆ.

ಎರಡು ದಿನದ ಮೇಲೆ ಕಂಪ್ಯೂಟರ್ ವಾಪಸ್ ಬಂತು. ಹಲವು ಇಮೇಲ್‌ಗಳು ಪೂರ್ತಿ ಸಿಕ್ಕಿದ್ದವು. ಕೆಲವು ಅರ್ಧಂಬರ್ಧ. ಅಮ್ಮ ಒಂದನ್ನು ತೆರೆದಳು. 'ಇವತ್ತು ಅಡುಗೆಯವನು ಬ್ರೆಡ್ ಸುಟ್ಟು ಕರಕಲು ಮಾಡಿದ. ಕ್ಯಾಪ್ಟನ್ ಅದನ್ನ ಕೈಗೆತ್ತಿಕೊಂಡು' ಎಂಬಲ್ಲಿಗೆ ಅಕ್ಷರ ಮುಗಿದು, ಬರೀ ಚೌಕ ಚೌಕ.

"'ಇದನ್ನೇ ಲಂಗರು ಮಾಡೋಣ ಅಂದ್ರು,'" ಎಂದಳು ಅಮ್ಮ. ಅವಳು ಸ್ಕ್ರೀನ್ ನೋಡುತ್ತಿರಲಿಲ್ಲ. "'ಎಲ್ಲರೂ ಹೊಟ್ಟೆ ಹಿಡ್ಕೊಂಡು ನಕ್ಕರು. ನಮ್ಮ ಗಿರಗಿಟ್ಲೆ ಇದ್ದಿದ್ರೆ ಇನ್ನೂ ಜೋರಾಗಿ ನಗ್ತಿದ್ಲು ಅಂದ್ಕೊಂಡೆ.'"

ಗಿರಗಿಟ್ಲೆಗೆ ನಗು ಬಂತು. ತಕ್ಷಣ ನಿಂತೂ ಹೋಯಿತು. ಒಂದಕ್ಷರ ತಪ್ಪದೆ ಹೇಳಬೇಕಾದರೆ ಅಮ್ಮ ಇದನ್ನು ಎಷ್ಟು ಸಲ ಓದಿರಬೇಕು!

ಅಮ್ಮ ಇನ್ನೊಂದು ತೆರೆದಳು. ಮೇಲೆ 'ನಿನಗೆ ಒಂದು ಮಾತು ಹೇಳಬೇಕು' ಎಂದಿತ್ತು. ಕೆಳಗೆಲ್ಲ ಚೌಕಗಳು. ಅಮ್ಮ ಕಣ್ಣು ಮುಚ್ಚಿದಳು, ತೆರೆದಳು.

"ಇದು ನೆನಪಾಗ್ತಿಲ್ಲ ಕಣೇ."

'ಸಾರಿ' ಅನ್ನಲು ಗಿರಗಿಟ್ಲೆ ಬಾಯಿ ತೆರೆದಳು. ಆ ಮಾತು ತೀರಾ ಚಿಕ್ಕದು ಅನಿಸಿತು. ಅವಳು ಅಮ್ಮನಿಗೆ ಒತ್ತಿ ಕೂತು, ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡಳು.

"ಬ್ರೆಡ್ಡಿಂದು ಇನ್ನೊಂದ್ಸಲ ಹೇಳಮ್ಮ. ನಿಧಾನಕ್ಕೆ ಹೇಳು, ಟೈಪ್ ಮಾಡ್ತೀನಿ."

ಅಮ್ಮ ಹೇಳಿದಳು. ಒಂದೊಂದೇ ಅಕ್ಷರ ಒತ್ತುತ್ತಾ ಗಿರಗಿಟ್ಲೆ ಕೊನೆಯ ಸಾಲಿನವರೆಗೂ ಬಂದಳು. ಬೆರಳು ಮೌಸಿನ ಮೇಲೆ ಹಾಗೇ ನಿಂತಿತು.

"ಅಮ್ಮಾ, ಸೇವ್ ಒತ್ಲಾ?"

"ಒತ್ತು," ಎಂದಳು ಅಮ್ಮ.