ಅರ್ಧ ದಾರಿಯಲ್ಲಿ ಚೆಲ್ಲಿದ ನೀರು

“ಅಜ್ಜೀ, ಸ್ವಲ್ಪ ಮೆಲ್ಲಗೆ ನಡಿ. ನನ್ನ ಕುತ್ತಿಗೆ ಬಿದ್ದೇ ಹೋಗುತ್ತೆ!” ಎಂದಳು ಬಖೀತಾ.

ತಲೆಯ ಮೇಲೆ ಸಿಂಬೆ, ಸಿಂಬೆಯ ಮೇಲೆ ನೀರಿನ ಕೊಡ. ಕಾಲಡಿ ಸುಡುವ ಮರಳು. ಖಾರ್ತೂಮಿನ ರೈಲು ವಾರಕ್ಕೊಮ್ಮೆ ಬರುತ್ತಿತ್ತು, ವಾರಕ್ಕೊಮ್ಮೆ ಇದೇ ಗೋಳು. ಆ ರೈಲಾದರೂ ನಿಲ್ಲುತ್ತದೆಯೇ? ಬಖೀತಾ ಹುಟ್ಟುವ ಮೊದಲೇ ಅದು ಈ ಊರಲ್ಲಿ ನಿಲ್ಲುವುದನ್ನು ಬಿಟ್ಟಿತ್ತು. ಆದರೂ ಅಜ್ಜಿ ಪ್ರಯಾಣಿಕರಿಗೆಂದು ನೀರು ಹೊರಿಸಿಕೊಂಡು ಸ್ಟೇಷನ್ನಿಗೆ ಹೋಗುವುದನ್ನು ಬಿಟ್ಟಿರಲಿಲ್ಲ.

“ಹತ್ತು ವರ್ಷದವಳಿಗೆ ಎಂಥಾ ಕುತ್ತಿಗೆ ನೋವೇ? ಬಾರೇ ಸುಮ್ನೆ,” ಎಂದಳು ತಗಡಿನ ಲೋಟ ಹಿಡಿದು ಮುಂದೆ ಹೋಗುತ್ತಿದ್ದ ಅಜ್ಜಿ ಸಿತ್ತನಾ.

“ನಾಳೆ ನಮ್ಮೂರಿನ ಹಿಸ್ಟರಿ ಹೇಳ್ಬೇಕಂತೆ, ಮಿಸ್ ಹೇಳಿದಾರೆ. ನಮ್ಮ ಕ್ಲಾಸಿನ ಇದ್ರೀಸನ ಊರಲ್ಲಿ ಕೋಟೆ ಇದೆ. ನಮ್ಮೂರಲ್ಲಿ ಏನಿದೆ, ಮಣ್ಣು?”

“ಬಾವಿ ಇದೆಯಲ್ಲೇ. ಹಿಂದೆ ಇಲ್ಲಿ ನರಪಿಳ್ಳೆ ಇರಲಿಲ್ಲ. ಉಗಿ ಇಂಜಿನ್ನಿಗೆ ನೀರು ಬೇಕು ಅಂತ ಬಾವಿ ತೋಡಿದ್ರು. ಸೇದೋಕೆ ನಮ್ಮಪ್ಪನ್ನ ಕರ್ಕೊಂಡು ಬಂದ್ರು. ಮೊದಲು ಸ್ಟೇಷನ್ನು, ಆಮೇಲೆ ಊರು. ಇಂಜಿನ್ ಜೊತೆ ಜನಾನೂ ಕೇಳೋರು, ಕೊಡ್ತಿದ್ವಿ. ಇಲ್ಲಿಂದ ಒಬ್ಬರೂ ಬಾಯಾರ್ಕೊಂಡು ಹೋಗಿಲ್ಲ. ಅಷ್ಟೇ ನಮ್ಮ ಹಿಸ್ಟರಿ, ಹೋಗಿ ಹೇಳು.”

ಇದೂ ಒಂದು ಹಿಸ್ಟರಿಯಾ! ಬಖೀತಾಳಿಗೆ ಅಳುವೇ ಬಂತು. ಮುರುಕು ಸಿಗ್ನಲ್ ಕಂಬದ ಹತ್ತಿರ ಮೆಲ್ಲಗೆ ಹಿಂದೆ ಉಳಿದಳು. ಕೊಡ ಇಳಿಸಿ ಬಗ್ಗಿಸಿದಳು. ಅಲ್ಲಾಡಿಸಿದರೆ ಸದ್ದು ಬರಲೆಂದು ತಳದಲ್ಲಿ ಚೂರು ಉಳಿಸಿ, ಮಿಕ್ಕಿದ್ದೆಲ್ಲ ಮರಳಿಗೆ ಚೆಲ್ಲಿದಳು. ಆಹಾ, ಈಗ ಎಷ್ಟು ಹಗುರ!

ರೈಲು ಬಂತು. ಆದರೆ ಎಂದಿನಂತೆ ಧಡಧಡ ಓಡಲಿಲ್ಲ. ರಾತ್ರಿಯ ಬಿರುಗಾಳಿಗೆ ಹಳಿಯ ಮೇಲೆಲ್ಲ ಮರಳು ಕೂತಿತ್ತು. ಆಮೆಯ ಹಾಗೆ ತೆವಳುತ್ತ ಬಂತು. ಕಿಟಕಿಗಳಿಂದ ಬಾಟಲಿ, ಲೋಟ, ಬರಿಗೈ ಎಲ್ಲ ಹೊರಗೆ ಚಾಚಿದವು.

“ನೀರು! ಒಂದು ಗುಟುಕು ನೀರು ಕೊಡಿ ತಾಯೀ!”

“ಬಂದ್ರು ನೋಡೇ! ಬೇಗ ಬಗ್ಗಿಸು!” ಅಜ್ಜಿಯ ಮುಖ ಅರಳಿಹೋಯಿತು.

ಮೊದಲ ಲೋಟ ಒಬ್ಬ ಮುದುಕನ ಬಾಟಲಿಗೆ ಹೋಯಿತು. ಎರಡನೆಯದು ಅರ್ಧವೇ ತುಂಬಿತು. ಅದೂ ಖಾಲಿಯಾಯಿತು. ಮುಂದಿನ ಕಿಟಕಿಯಲ್ಲಿ ಒಂದು ಪುಟ್ಟ ಹುಡುಗಿ ಹಸಿರು ಬಣ್ಣದ ಕಪ್ ಚಾಚಿದ್ದಳು. ಅವಳ ತುಟಿ ಒಣಗಿ ಒಡೆದಿತ್ತು.

ಬಖೀತಾ ಕೊಡವನ್ನು ಪೂರ್ತಿ ತಲೆಕೆಳಗು ಮಾಡಿದಳು. ಎರಡು ಹನಿ ಬಿದ್ದವು.

“ಇರಬೇಕು ಕಣೇ, ಇನ್ನೂ ಇರಬೇಕು. ನಾನೇ ಕೈಯಾರೆ ತುಂಬಿದ್ದೆ...” ಅಜ್ಜಿ ಕೊಡ ಕಿತ್ತುಕೊಂಡು ಅಲ್ಲಾಡಿಸಿದಳು. ರೈಲು ಮುಂದೆ ಸರಿಯಿತು. ದೂರ ಹೋಗುವವರೆಗೂ ಆ ಹುಡುಗಿ ಕಪ್ಪನ್ನು ಒಳಗೆ ತೆಗೆದುಕೊಳ್ಳಲೇ ಇಲ್ಲ.

ಅಜ್ಜಿ ಕೊಡದೊಳಗೆ ಇಣುಕಿದಳು. ಆಮೇಲೆ ಬಖೀತಾಳ ಮುಖ ನೋಡಿದಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಅಲ್ಲೇ ಪ್ಲಾಟ್‌ಫಾರ್ಮಿನ ಮೇಲೆ ಕುಸಿದು ಕೂತಳು.

“ಸುಸ್ತಾಯ್ತು ಮಗಾ,” ಎಂದಳು. “ಸ್ವಲ್ಪ ಹೊತ್ತು ಕೂತು ಹೋಗೋಣ.”

ಮರುದಿನ ಕ್ಲಾಸಿನಲ್ಲಿ ಬಖೀತಾ ಎದ್ದು ನಿಂತಳು.

“ನಮ್ಮೂರು ಹುಟ್ಟಿದ್ದೇ ರೈಲಿಗೆ ನೀರು ಕೊಡೋಕೆ, ಮಿಸ್. ನಮ್ಮ ಸ್ಟೇಷನ್ನಿಂದ ಯಾರೂ ಬಾಯಾರ್ಕೊಂಡು ಹೋಗಿಲ್ಲ.”

“ಇಷ್ಟೇನಾ?” ಇದ್ರೀಸ್ ಕಿಸಕ್ಕನೆ ನಕ್ಕ.

ಬಖೀತಾ ಕೂರಲಿಲ್ಲ.

“ಒಬ್ಬಳು ಹೋಗಿದಾಳೆ, ಮಿಸ್,” ಎಂದಳು. “ನಿನ್ನೆ.”

ಮುಂದಿನ ವಾರ ಕೊಡ ಕಂಠದವರೆಗೂ ತುಂಬಿತ್ತು. ರೈಲು ನಿಲ್ಲದೆ ಧಡಧಡ ಓಡಿತು. ಬಖೀತಾಳ ಕುತ್ತಿಗೆ ನೋಯುತ್ತಿತ್ತು. ಅವಳು ಮಾತ್ರ ಕೊನೆಯ ಬೋಗಿ ದಾಟುವವರೆಗೂ ಒಂದೊಂದು ಕಿಟಕಿಯಲ್ಲೂ ಹಸಿರು ಕಪ್ಪನ್ನು ಹುಡುಕುತ್ತ ನಿಂತಿದ್ದಳು.