ಎರಡು ಡಿಗ್ರಿ ಹೆಚ್ಚಿನ ಬಿಸಿ

ಮದಿಹಾಗೆ ಬೆಳಗಿನಿಂದ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಅಕೀಬನ ಪ್ರಯೋಗವನ್ನು ಬಂಕಾಪುರದ ತನ್ನ ಮನೆಯಲ್ಲಿ ಮತ್ತೆ ಮತ್ತೆ ಮಾಡಿ ನೋಡಿದ್ದಳು. ಎರಡೂ ಬಾಟಲಿಗಳು ಒಂದೇ ಸಮ ಬಿಸಿಯಾಗಿದ್ದವು. ಕೊನೆಗೆ ತಡೆಯಲಾರದೆ ಅಕೀಬನ ಊರು ಸವಣೂರಿನ ಬಸ್ಸು ಹತ್ತಿದಳು.

ಇಬ್ಬರೂ ಒಂದೇ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುವವರು. ನೀರಿನಲ್ಲಿ ನಿಕಲ್ ತಂತಿ ಇಳಿಬಿಟ್ಟು ಕರೆಂಟ್ ಹರಿಸಿದರೆ ಕೊಟ್ಟಿದ್ದಕ್ಕಿಂತ ಹೆಚ್ಚು ಶಾಖ ಬರುತ್ತದೆ ಎನ್ನುತ್ತಿದ್ದ ಅಕೀಬ. ಹೋಲಿಕೆಗೆಂದು ಪಕ್ಕದಲ್ಲಿ ಸಾದಾ ತಂತಿಯ ಬಾಟಲಿ. ನಿಕಲ್ಲಿನದು ಯಾವಾಗಲೂ ಎರಡು ಡಿಗ್ರಿ ಮೇಲೆ! ನಾಳೆ ಹುಬ್ಬಳ್ಳಿಯ ಸಮ್ಮೇಳನದಲ್ಲಿ ಅದನ್ನೇ ಸಾರುವವನಿದ್ದ.

"ಅದಾದ ಮ್ಯಾಲೆ ನಿಮ್ಮನ್ನ ಒಂದು ಮಾತು ಕೇಳೂದೈತಿ," ಎಂದು ಕಣ್ಣು ತಗ್ಗಿಸಿ ನಕ್ಕಿದ್ದ. ಯಾವ ಮಾತೆಂದು ತಿಳಿಯದಷ್ಟು ಪೆದ್ದಿಯೇ ಅವಳು?

ಅವನ ಮನೆಯ ವೀಳ್ಯದೆಲೆ ಇಡುವ ಕೋಣೆಯೇ ಅವನ ಪ್ರಯೋಗಶಾಲೆ.

"ಮತ್ತ ಪರೀಕ್ಷೆ ಮಾಡಾಕ ಬಂದ್ರೇನು?" ಎಂದ ಅಕೀಬ.

"ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರಲ್ರೀ."

"ನಮ್ಮ ಮ್ಯಾಲೆ ಇಷ್ಟೂ ನಂಬಿಕಿ ಇಲ್ಲ?"

"ನಿಮ್ಮ ಮ್ಯಾಲೆ ಐತ್ರಿ. ಬಾಟಲಿ ಮ್ಯಾಲಿಲ್ಲ."

ಅವನ ನೋಟ ಅವಳ ಮುಖದ ಮೇಲೆ ಒಂದು ಗಳಿಗೆ ಹೆಚ್ಚೇ ನಿಂತಿತು. ಅವಳು ಸುಮ್ಮನೆ ದುಪಟ್ಟಾ ಸರಿಮಾಡಿಕೊಂಡಳು.

ಅಷ್ಟರಲ್ಲಿ ಅವನ ತಾಯಿ ಚಾಂದಬಿ ಬಂದು, ದಿನದಂತೆ ಎಲೆಯ ಪೆಂಡಿಗಳಿಗೆ ಹೊದಿಸಿದ ಗೋಣಿಗೆ ನೀರು ಚಿಮುಕಿಸಿ ಹೋದಳು. ಎಲೆ ವ್ಯಾಪಾರದ ಮನೆಯಲ್ಲಿ ಅದನ್ನು ಯಾರು ಗಮನಿಸುತ್ತಾರೆ! ಆ ಒದ್ದೆ ಗೋಣಿ ಸಾದಾ ತಂತಿಯ ಬಾಟಲಿಗೆ ಒರಗಿಕೊಂಡಿತ್ತು. ಮದಿಹಾ ಅದನ್ನು ಮುಟ್ಟಿ ನೋಡಿದಳು.

"ಬಾಟಲಿ ಜಾಗ ಅದಲು ಬದಲು ಮಾಡ್ರಿ."

ಸ್ವಲ್ಪ ಹೊತ್ತಿಗೆ ಸಾದಾ ಬಾಟಲಿಯೇ ಎರಡು ಡಿಗ್ರಿ ಮೇಲೇರಿತು. ನಿಕಲ್ ಎಂದೂ ಹೆಚ್ಚು ಬಿಸಿಯಾಗಿರಲಿಲ್ಲ. ಒದ್ದೆ ಗೋಣಿ ತನಗೆ ತಾಗಿದ ಬಾಟಲಿಯನ್ನು ತಣ್ಣಗೆ ಮಾಡಿತ್ತು, ಅಷ್ಟೇ.

ಅಕೀಬನ ಮುಖ ಕಪ್ಪಿಟ್ಟಿತು. "ಹುಬ್ಬಳ್ಳ್ಯಾಗ ನನ್ನ ಹೆಸರು ಅಚ್ಚಾಗೇತ್ರಿ. ಈ ಗೋಣಿ ಸುದ್ದಿ ನಮ್ಮಿಬ್ಬರಿಗಷ್ಟ ಗೊತ್ತು."

ದೇವರೇ, ಇವನು ಹುಬ್ಬಳ್ಳಿಗೆ ಹೋಗದಿರಲಿ ಎಂದು ಮದಿಹಾ ಒಳಗೊಳಗೇ ಒದ್ದಾಡಿದಳು. ಅವನು ಫೋನ್ ಹಿಡಿದು ಅಂಗಳಕ್ಕೆ ಇಳಿದ. ಬಾಗಿಲವರೆಗೆ ಹೋದಳು, ತಿರುಗಿ ಬಂದಳು, ಮತ್ತೆ ಹೋದಳು.

"ನಾಳೆ ನಾ ಬರೂದಿಲ್ಲ ಸರ. ನನ್ನ ಪ್ರಯೋಗ ತಪ್ಪಾಗೇತಿ," ಎಂಬ ದನಿ ಕೇಳಿಸಿತು.

ಒಳಗೆ ಬಂದವನು ಅವಳತ್ತ ನೋಡಲಾರದೆ ನಿಂತ. "ದೊಡ್ಡ ಮನುಷ್ಯಾ ಆಗಿ ಕೇಳಬೇಕಂತಿದ್ದೆ. ಈಗ ಯಾವ ಮುಖ ಇಟ್ಕೊಂಡು ಕೇಳ್ಲಿ?"

"ಇದ್ದ ಮುಖದಾಗ ಕೇಳ್ರಿ."

"ನನ್ನ ಮದುವಿ ಆಗ್ತೀರೇನು?"

"ಆಗ್ತೇನಿ," ಎಂದಳು ಮದಿಹಾ. ಕಣ್ಣು ತುಂಬಿ ಬಂದಿದ್ದವು. "ಹುಬ್ಬಳ್ಳಿಗೆ ಹೋಗಿದ್ರ ಒಲ್ಲೆ ಅಂತಿದ್ದೆ."